ವಕೀಲರ ಕೆಲಸವೇನು?

"ವಕೀಲರ ಕೆಲಸ ಏನಪ್ಪಾ?" ಎಂದು ಡಾಕ್ಟರು ಕೇಳಿದರು.

"ಡೇಟ್ ಕೇಳೋದು," ಎಂದ ತಮ್ಮ.

ಡಾಕ್ಟರು ಪೆನ್ನಿನಿಂದ ಹಣೆ ಕೆರೆದುಕೊಂಡು, ಅಚ್ಚಾದ ಹಾಳೆಯ ನಾಲ್ಕನೆಯ ಪ್ರಶ್ನೆಯ ಮುಂದೆ ತಪ್ಪು ಗುರುತು ಹಾಕಿದರು. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅಕ್ಕ ಕೈ ಕೈ ಹಿಸುಕಿಕೊಂಡಳು. ಶಾಲೆಗಳು ಶುರುವಾಗುವ ಕಾಲ, ಹೊಲಿಯಬೇಕಾದ ಯೂನಿಫಾರ್ಮುಗಳು ಮಿಷನ್ನಿನ ಪಕ್ಕ ರಾಶಿ ಬಿದ್ದಿದ್ದವು. ಆದರೂ ಒಂದೂವರೆ ತಿಂಗಳಿಂದ ವಾರಕ್ಕೆರಡು ಸಲ ಜೈಲಿಗೆ ಹೋಗಿ, ಜಾಲರಿಯ ಈಚೆ ನಿಂತು ಅವನಿಗೆ ಗಿಣಿಪಾಠ ಮಾಡಿಸಿದ್ದಳು. ವಕೀಲರು ನನ್ನ ಪರ ಮಾತಾಡುತ್ತಾರೆ. ನಾಲ್ಕೇ ಮಾತು. ಅಷ್ಟು ಹೇಳುವುದಕ್ಕೆ ಇವನಿಗೇನು ಧಾಡಿ?

ತಮ್ಮ ಮಾಡಿದ್ದ ಅಪರಾಧ ಇಷ್ಟು: ಕಿವಿಯಲ್ಲಿ ಯಾರೋ ಹಗಲೂ ರಾತ್ರಿ ಬೈಯುತ್ತಿದ್ದ ದಿನಗಳಲ್ಲಿ, ಆ ದನಿ ಅಂಚೆ ಕಚೇರಿಯ ಕೌಂಟರಿನಿಂದಲೇ ಬರುತ್ತಿದೆ ಎಂದುಕೊಂಡು ಅಲ್ಲಿನ ಗಾಜು ಒಡೆದಿದ್ದ. ತಪ್ಪೊಪ್ಪಿಕೊಂಡರೆ ಹೆಚ್ಚೆಂದರೆ ಆರು ತಿಂಗಳು. ಆದರೆ ತಪ್ಪೊಪ್ಪಿಕೊಳ್ಳಲು ತಲೆ ಸರಿಯಿರಬೇಕು. ಸರಿಯಿದೆ ಎಂದು ಆಸ್ಪತ್ರೆಯವರು ಬರೆದುಕೊಡಬೇಕು. ಅವರು ಬರೆದುಕೊಡಲು, ಕೋರ್ಟಿನ ಬಗ್ಗೆ ಕೇಳುವ ಹನ್ನೆರಡು ಪ್ರಶ್ನೆಗಳಲ್ಲಿ ಒಂಬತ್ತಕ್ಕೆ ಸರಿಯುತ್ತರ ಬರಬೇಕು. ಹೀಗಾಗಿ ಆರು ತಿಂಗಳ ಮೊಕದ್ದಮೆಗೆ ಅವನು ಎರಡು ವರ್ಷ ನಾಲ್ಕು ತಿಂಗಳಿಂದ ಒಳಗಿದ್ದಾನೆ. ಮಾತ್ರೆ ಹಿಡಿದು, ಕಿವಿಯೊಳಗಿನ ಬೈಗುಳ ನಿಂತು ವರ್ಷದ ಮೇಲಾಯಿತು. ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಡುಮ್ಕಿ ಹೊಡೆದಿದ್ದಾನೆ. ಇವತ್ತು ಪಾಸಾದರೆ ನಾಳೆ ಕೋರ್ಟು, ನಾಡಿದ್ದು ಮನೆ. ಇಲ್ಲವಾದರೆ ಮುಂದಿನ ಪರೀಕ್ಷೆಗೆ ಇನ್ನು ಆರು ತಿಂಗಳು. ಯಾರ ಮುಂದೆ ಗೋಳು ಹೇಳಿಕೊಂಡರೂ "ನಿಯಮ ಅಮ್ಮಾ" ಎನ್ನುತ್ತಾರೆ. ಆ ನಿಯಮ ಮಾಡಿದ ಪುಣ್ಯಾತ್ಮರು ಎಲ್ಲಿ ಸಿಗುತ್ತಾರೆ ಎಂದು ಮಾತ್ರ ಒಬ್ಬರೂ ಹೇಳುವುದಿಲ್ಲ.

"ನ್ಯಾಯಾಧೀಶರು ಏನು ಮಾಡ್ತಾರೆ?"

"ಮುಂದಕ್ಕೆ ಹಾಕ್ತಾರೆ."

"ನಿನ್ನ ಮಾತು ಕೇಳ್ತಾರಾ?"

"ಇಲ್ಲ ಸರ್. ಹನ್ನೊಂದು ಸಲ ಹೋಗಿದ್ದೀನಿ. ಒಂದು ಸಲವೂ ತಲೆ ಎತ್ತಿ ನೋಡಿಲ್ಲ."

"ನಿನಗೊಬ್ಬ ವಕೀಲರನ್ನ ಕೊಟ್ಟಿದ್ದಾರಲ್ಲ, ಅವರು ಹೇಗೆ?"

"ಒಂದು ಸಲ ಬಂದಿದ್ರು ಸರ್. ಬೇರೆ ಯಾರದೋ ಹೆಸರು ಹಿಡಿದು ಕರೆದ್ರು. ಅವನು ನಾನಲ್ಲ ಅಂದೆ. ಹೊರಟೇ ಹೋದ್ರು."

ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೇಬಲ್‌ಗೆ ನಗು ತಡೆಯಲಾಗಲಿಲ್ಲ. ತಪ್ಪು ಗುರುತುಗಳು ನಾಲ್ಕಾದವು. ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿ, ಇನ್ನು ಕೇಳಿ ಪ್ರಯೋಜನವಿಲ್ಲ ಎನ್ನುವಂತೆ ಹಾಳೆಯನ್ನು ಆಚೆ ಸರಿಸಿದರು.

ಅಕ್ಕ ಎದ್ದು ನಿಂತಳು. "ಸರ್, ಅವನು ಹೇಳಿದ್ದರಲ್ಲಿ ಒಂದಾದ್ರೂ ಸುಳ್ಳಿದೆಯಾ? ಹನ್ನೊಂದು ಸಲವೂ ನಾನೂ ಅಲ್ಲೇ ಇದ್ದೆ."

"ಸುಳ್ಳಲ್ಲ ಅಂತ ನನಗೂ ಗೊತ್ತಮ್ಮಾ," ಡಾಕ್ಟರ ದನಿಯೂ ಏರಿತು. "ಸಾಕ್ಷಿ ಹೇಳೋಕೆ ಅಂತ ಹೋಗಿ ಬೆಳಗಿಂದ ಸಂಜೆವರೆಗೂ ಬೆಂಚು ಕಾಯ್ದು ಬಂದವನು ನಾನು. ಆದ್ರೆ ಈ ಹಾಳೆ ನಾನು ಮಾಡಿದ್ದಲ್ವಲ್ಲ. ಸರಿಯುತ್ತರ ಹಿಂದಿನ ಪುಟದಲ್ಲಿ ಅಚ್ಚಾಗಿದೆ. ಅದು ಇವನ ಬಾಯಲ್ಲಿ ಬರಬೇಕು. ಬರದಿದ್ರೆ ಕೋರ್ಟು ಅಂದ್ರೇನು ಅಂತ ಇವನಿಗೆ ಗೊತ್ತಿಲ್ಲ ಅಂತಲೇ ನಾನು ಬರೀಬೇಕು."

ಡಾಕ್ಟರು ಆ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ, ಡ್ರಾಯರಿನಿಂದ ಹೊಸದೊಂದನ್ನು ತೆಗೆದರು. "ಮೊದಲಿಂದ ಕೇಳ್ತೀನಿ. ಇದೇ ಕೊನೆ."

ಅಕ್ಕ ತಮ್ಮನ ಕಡೆ ತಿರುಗಿದಳು. "ಲೋ, ದಮ್ಮಯ್ಯ ಅಂತೀನಿ ಕಣೋ. ನಾನು ಹೇಳಿಕೊಟ್ಟಿದ್ದನ್ನ ಹೇಳು."

ತಮ್ಮನ ಮುಖದಲ್ಲಿ ನಿಜವಾದ ಗೊಂದಲವಿತ್ತು. "ಅಕ್ಕಾ, ನಿನ್ನ ಕಣ್ಣಿಗೆ ಕಂಡಿದ್ದನ್ನ ಮಾತ್ರ ನಂಬು, ಇಲ್ಲದೆ ಇರೋದನ್ನ ಇದೆ ಅನ್ಕೋಬೇಡ ಅಂತ ಇದೇ ಡಾಕ್ಟ್ರು ತಾನೇ ಒಂದು ವರ್ಷ ಹೇಳಿಕೊಟ್ಟಿದ್ದು? ಹಾಗೆ ಮಾಡಿದ್ದಕ್ಕೇ ನಾನು ಹುಷಾರಾಗಿದ್ದು."

ಡಾಕ್ಟರು ಡ್ರಾಯರು ಮುಚ್ಚುವುದರಲ್ಲಿ ಮಗ್ನರಾದರು.

"ಇವತ್ತೊಂದು ದಿನ ಅದನ್ನ ಮರೆತುಬಿಡು," ಅಕ್ಕ ಅವನ ತೋಳು ಹಿಡಿದಳು. "ಮನೆಗೆ ಬಂದಮೇಲೆ ಎಷ್ಟು ಬೇಕಾದ್ರೂ ನಿಜ ಹೇಳುವಿಯಂತೆ. ನನ್ನ ಕೈಲಿ ಇನ್ನಾಗಲ್ಲ ಕಣೋ."

ತಮ್ಮ ಅವಳ ಮುಖವನ್ನೇ ನೋಡಿದ. ಕೊನೆಗೆ ಹೂಂ ಎಂದು ತಲೆಯಾಡಿಸಿದ. ಮೊದಲ ಮೂರಕ್ಕೆ ಸಲೀಸಾಗಿ ಉತ್ತರ ಬಂತು. ನಾಲ್ಕನೆಯದು ಬಂದಾಗ ಅವನು ಡಾಕ್ಟರನ್ನು ಬಿಟ್ಟು ಕೋಣೆಯ ಖಾಲಿ ಮೂಲೆಯತ್ತ ದೃಷ್ಟಿ ನೆಟ್ಟ.

"ನನ್ನ ವಕೀಲರು ನನ್ನ ನೋಡೋಕೆ ಬರ್ತಾರೆ. ಪಕ್ಕದಲ್ಲೇ ಕೂತ್ಕೋತಾರೆ. ನನ್ನ ಹೆಸರು ಅವರಿಗೆ ಗೊತ್ತು. ನನ್ನ ಪರ ಮಾತಾಡ್ತಾರೆ. ನ್ಯಾಯಾಧೀಶರು ತಲೆ ಎತ್ತಿ ನನ್ನ ನೋಡ್ತಾರೆ. ನಾನು ಹೇಳಿ ಮುಗಿಸೋವರೆಗೂ ಕೇಳ್ತಾರೆ." ಹೇಳುತ್ತಾ ಹೇಳುತ್ತಾ ಅವನ ತುಟಿಯ ಮೇಲೆ ಸಣ್ಣ ನಗು ಬಂತು. "ಅಲ್ಲಿರೋರೆಲ್ಲ ನನ್ನ ಒಳ್ಳೇದಕ್ಕೇ ಇರೋದು."

ಹುಷಾರು ತಪ್ಪಿದ್ದ ದಿನಗಳಲ್ಲಿ ಅವನು ಹೀಗೆಯೇ ಮೂಲೆ ನೋಡಿ ನಗುತ್ತಿದ್ದ. ಸಾಕು ನಿಲ್ಲಿಸು ಎನ್ನಲು ಬಾಯಿ ತೆರೆದ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಉಳಿದ ಪ್ರಶ್ನೆಗಳಿಗೂ ಉತ್ತರ ಹೀಗೆಯೇ ಬಂತು. ಡಾಕ್ಟರು ಯಾರ ಮುಖವನ್ನೂ ನೋಡದೆ ಹನ್ನೆರಡಕ್ಕೆ ಹನ್ನೆರಡೂ ಸರಿ ಗುರುತು ಹಾಕಿದರು. ಕೆಳಗೆ ಖಾಲಿ ಬಿಟ್ಟಿದ್ದ ಸಾಲಿನಲ್ಲಿ ದುಂಡಗೆ ಬರೆದು ಸೀಲು ಒತ್ತಿದರು: "ಭ್ರಮೆಗಳಿಲ್ಲ. ವಾಸ್ತವದ ಅರಿವು ಪೂರ್ಣವಾಗಿದೆ."