ಎರಡು ಲೋಟ ನೀರು

"ಹೊಟ್ಟೆ ನೋಯ್ತಿದೆಯಾ ಪುಟ್ಟಿ?" ಎಂದು ಸ್ಕ್ಯಾನಿಂಗ್ ಡಾಕ್ಟರಮ್ಮ ಕೇಳಿದರೆ, ಮಂಚದ ಮೇಲೆ ಮಲಗಿದ್ದ ಎಂಟು ವರ್ಷದ ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ನೋವಿಲ್ಲದ ಮೇಲೆ ಈ ಮಹರಾಯ್ತಿ ಇಲ್ಲಿಗೇಕೆ ಬಂದಳೋ! ಬೆಳಗಿನಿಂದ ಇದು ಮೂವತ್ತೊಂದನೆಯ ಹೊಟ್ಟೆ. ಡಾಕ್ಟರಮ್ಮನ ಭುಜ ಬಿದ್ದುಹೋಗುವಂತಿತ್ತು. ಹೊರಗೆ ಬೆಂಚಿನ ತುಂಬ ಇನ್ನೂ ಜನ.

"ಅವಳು ಬಾಯಿ ಬಿಡಲ್ಲ ಡಾಕ್ಟ್ರೇ," ಎಂದಳು ಪಕ್ಕದಲ್ಲಿ ನಿಂತಿದ್ದ ತಾಯಿ. "ಬೆಳಿಗ್ಗೆ ಕಾಫಿ ಚರಟದ ಹಾಗೆ ಕಪ್ಪಗೆ ವಾಂತಿ ಮಾಡ್ಕೊಂಡ್ಲು. ಮಕ್ಕಳ ಡಾಕ್ಟ್ರು ಕೂಡಲೇ ಸ್ಕ್ಯಾನ್ ಮಾಡಿಸಿ ಅಂದ್ರು. ನೀರು ಕುಡಿಸಿಯೇ ನೋಡ್ಬೇಕಂತೆ, ಚೀಟೀಲಿ ಬರೆದಿದ್ದಾರೆ."

ನೀರು ಕುಡಿಸುವುದೆಂದರೆ ಡಾಕ್ಟರಮ್ಮನಿಗೆ ತಲೆನೋವು. ಖಾಲಿ ಜಠರ ಮುದುಡಿಕೊಂಡಿರುತ್ತದೆ, ಅದರ ಗೋಡೆ ತೆರೆಯ ಮೇಲೆ ಸರಿಯಾಗಿ ಕಾಣುವುದಿಲ್ಲ. ನೀರು ತುಂಬಿದರೆ ಬಿಚ್ಚಿಕೊಳ್ಳುತ್ತದೆ. ಅವಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಮಗು ಎರಡು ಲೋಟ ಕುಡಿದು, ಗುಳ್ಳೆಗಳು ಅಡಗುವವರೆಗೆ ಕಾಯುವಷ್ಟರಲ್ಲಿ ಹೊರಗಿನ ಮೂರು ಹೊಟ್ಟೆ ಮುಗಿಸಬಹುದು. ಇವತ್ತು ಮಾತ್ರ ಚೀಟಿಗೆ ಹೆದರಿ ಕಾದಳು. ಹುಡುಗಿ ಕಹಿ ಔಷಧಿ ಕುಡಿದಂತೆ ಗುಟುಕು ಗುಟುಕಾಗಿ ಕುಡಿದಳು.

ಜೆಲ್ಲಿ ಹಚ್ಚಿ ಪ್ರೋಬ್ ಒತ್ತಿದರೆ, ಜಠರದ ಕೆಳತುದಿಯಲ್ಲಿ ಗೋಡೆ ದಪ್ಪಗೆ ಊದಿಕೊಂಡಿದೆ. ನಡುವೆ ಒಂದು ತಗ್ಗು, ಅದರಲ್ಲಿ ಬೆಳ್ಳಗೆ ಹೊಳೆಯುವ ಚುಕ್ಕಿ. ಡಾಕ್ಟರಮ್ಮನ ತೂಕಡಿಕೆಯೆಲ್ಲ ಹಾರಿಹೋಯಿತು.

"ಇದು ಹುಣ್ಣಿನ ಹಾಗೇ ಕಾಣ್ತಿದೆ. ಬಾಯಿಂದ ಕ್ಯಾಮರಾ ಕೊಳವೆ ಹಾಕಿ ನೋಡಿ ಖಚಿತ ಮಾಡ್ಕೋತಾರೆ. ಈಗಲೇ ಅಡ್ಮಿಟ್ ಮಾಡಿ. ಅಲ್ಲಮ್ಮ, ಮೊದಲೇ ಯಾಕೆ ಕರ್ಕೊಂಡು ಬರಲಿಲ್ಲ?"

"ಬಂದಿದ್ವಲ್ಲ! ತಿಂಗಳಾಯ್ತು." ತಾಯಿ ಚೀಲದಿಂದ ಮಡಿಕೆ ಹರಿದ ಹಳೆಯ ರಿಪೋರ್ಟು ತೆಗೆದಳು. "ಏನೂ ತೊಂದರೆ ಇಲ್ಲ ಅಂತ ಬರೆದಿದೆ. ಸ್ಕೂಲಿಗೆ ಚಕ್ಕರ್ ಹೊಡೆಯೋಕೆ ನಾಟಕ ಅಂದ್ಕೊಂಡ್ವಿ. ಹೊಟ್ಟೆನೋವು ಅಂದಾಗೆಲ್ಲ ಅವರಪ್ಪ ಇದನ್ನೇ ಕೈಗೆ ಕೊಟ್ಟು, 'ಗಟ್ಟಿಯಾಗಿ ಓದು' ಅಂತಿದ್ರು. ನಾನೂ... ಎರಡೇಟು ಹಾಕಿದ್ದೀನಿ."

ಕೆಳಗಿನ ಸಹಿ ಡಾಕ್ಟರಮ್ಮನದೇ. ಹುಡುಗಿಯ ಮುಖವಂತೂ ನೆನಪಿಲ್ಲ, ಆದರೆ ಯಾವ ಮಗುವಿಗೂ ತಾನು ನೀರು ಕುಡಿಸಿದವಳಲ್ಲ ಎಂಬುದು ಚೆನ್ನಾಗಿ ಗೊತ್ತು. 'ಆಗಿನ್ನೂ ಹುಣ್ಣು ಆಗಿರಲಿಲ್ಲವೇನೋ' ಎಂದು ಜಾರಿಕೊಳ್ಳಬಹುದಿತ್ತು, ಯಾರಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಮಾತು ನಾಲಗೆಯ ತುದಿಗೂ ಬಂದಿತ್ತು. ಅದನ್ನು ಹೇಳುವುದಕ್ಕೂ ಅವಳಿಗೆ ಸುಸ್ತೆನಿಸಿತು, ನಾಚಿಕೆಯೂ ಆಯಿತು.

"ಅವತ್ತು ನಾನು ಸರಿಯಾಗಿ ನೋಡಿಲ್ಲ ಕಣಮ್ಮ. ನಂದೇ ತಪ್ಪು."

ತಾಯಿ ಕೂಗಾಡಲಿಲ್ಲ. ಕೂಗಾಡುವ ತ್ರಾಣ ಅವಳಲ್ಲೂ ಉಳಿದಿರಲಿಲ್ಲ. "ನನಗಲ್ಲ, ಅವಳಿಗೆ ಹೇಳಿ," ಎಂದಷ್ಟೇ ಅಂದಳು.

ಡಾಕ್ಟರಮ್ಮ ಮಗುವಿನ ಹೊಟ್ಟೆಯ ಮೇಲಿನ ಜೆಲ್ಲಿ ಒರೆಸುತ್ತ ಬಗ್ಗಿದಳು. "ನೀನು ಹೇಳಿದ್ದೇ ನಿಜ ಪುಟ್ಟಿ. ನಿನಗೆ ನಿಜವಾಗ್ಲೂ ನೋವಿತ್ತು. ಸುಳ್ಳು ಬರೆದೋಳು ನಾನು."

ಹುಡುಗಿ ಅಮ್ಮನ ಮುಖ ನೋಡಿದಳು, ಡಾಕ್ಟರಮ್ಮನ ಮುಖ ನೋಡಿದಳು.

"ಇದನ್ನೂ ಬರೆದು ಕೊಡಿ ಆಂಟಿ. ಬಾಯಲ್ಲಿ ಹೇಳಿದ್ರೆ ಮನೇಲಿ ನಂಬಲ್ಲ."