ಜಿರಾಫೆಯ ಕತ್ತು

"ಇನ್ನೊಂಚೂರು ಬಗ್ಗೇ," ಎಂದು ಪಿಸುಗುಟ್ಟುತ್ತ ಜಗದಾಂಬ ಮಗಳ ಕತ್ತನ್ನು ಹಿಂದಿನಿಂದ ಒತ್ತಿದಳು. ಸೊರಬದಿಂದ ಹೆಣ್ಣು ನೋಡಲು ಬಂದವರು ಚೈತ್ರಶ್ರೀಯನ್ನು ಹುಡುಗನ ಪಕ್ಕ ನಿಲ್ಲಿಸಿ ಎತ್ತರ ನೋಡುತ್ತಿದ್ದರು. ಬಗ್ಗಿದರೂ ಅವಳೇ ಎರಡು ಬೆರಳು ಮೇಲೆ.

"ಶಿಕಾರಿಪುರದಲ್ಲಿ ಜಿರಾಫೆ ಸಾಕ್ತಾರೆ ಅಂತ ಗೊತ್ತಿರ್ಲಿಲ್ಲ ಕಣ್ರೀ," ಎಂದಳು ಹುಡುಗನ ಸೋದರತ್ತೆ, ಚಕ್ಕುಲಿ ಮುರಿಯುತ್ತ. ಎಲ್ಲರೂ ನಕ್ಕರು. ಹುಡುಗನೂ ನಕ್ಕ.

ಚೈತ್ರಶ್ರೀಯ ಕಿವಿ ಬಿಸಿಯಾದವು. "ಅದರ ಕತ್ತಿನಾಗೂ ಏಳೇ ಮೂಳೆ ಇರೋದ್ರೀ, ನಿಮ್ಮ ಕತ್ತಿನಾಗೆ ಇದ್ದಷ್ಟೇ," ಎಂದಳು. ದನಿ ನಡುಗಿದ್ದು ಅಳುವಿನಿಂದಲ್ಲ. "ನೆತ್ತಿಗೆ ರಕ್ತ ಏರಿಸೋಕೆ ಅದಕ್ಕೆ ಹತ್ತು ಕೆ.ಜಿ. ಗುಂಡಿಗೆ ಐತಿ. ಒದ್ದರೆ ಸಿಂಹಾನೂ ಸಾಯ್ತೈತಿ. ನೀರು ಕುಡಿಯೋಕೆ ಕಾಲು ಅಗಲಿಸಿ ಬಗ್ತೈತಲ್ಲ, ಸಿಂಹ ಕಾಯೋದೇ ಆ ಹೊತ್ತಿಗೆ."

ಸೋದರತ್ತೆ ಚಕ್ಕುಲಿಯನ್ನು ತಟ್ಟೆಗೆ ಹಾಕಿದಳು. "ಬಗ್ಗಿಸೋದನ್ನ ನಮ್ಮನೆಗೆ ಬಂದ್ಮೇಲೆ ನಾವು ನೋಡ್ಕೋತೀವಿ ಬಿಡ್ರೀ, ಜಗದಾಂಬ."

ಮಗಳ ಕತ್ತಿನ ಮೇಲಿದ್ದ ಕೈ ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಮೆಲ್ಲಗೆ ಜಾರಿ ಬೆನ್ನಿಗೆ ಆಸರೆಯಾಗಿ ನಿಂತಿತು.

"ನೆಟ್ಟಗೆ ನಿಂತ್ಕಳೇ," ಎಂದಳು ಜಗದಾಂಬ, ಈ ಸಲ ಎಲ್ಲರಿಗೂ ಕೇಳುವಂತೆ.