ಎಂಟನೆಯವಳಿಗೆ ಹೇಳಿದ್ದು

ಮನಶ್ಶಾಸ್ತ್ರ ಕಲಿಯುವ ಹುಡುಗಿಯರು ಅನುಭವಕ್ಕೆಂದು ಹೊರದೇಶದಿಂದ ಆ ಊರಿನ ಮಹಿಳಾ ಕೇಂದ್ರಕ್ಕೆ ಬರುತ್ತಿದ್ದರು. ಆರು ವಾರ ಇದ್ದು, ತಬ್ಬಿಕೊಂಡು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಿದ್ದರು. ಬಂದವರಿಗೆಲ್ಲ ಕೇಂದ್ರದ ನಿಂಗಾಜಮ್ಮ ಮೊದಲಿಂದ ಹೇಳಬೇಕು: ತಾನು ಕೂಲಿಗೆ ಹೋಗಿದ್ದಾಗ ಮಗಳು ಕೆರೆಗೆ ಬಿದ್ದು ಸತ್ತ ಕತೆ. ದುಭಾಷಿ ಪ್ರಫುಲ್ಲಾ ಮೇಡಂ ಅದನ್ನು ಈಗಾಗಲೇ ಏಳು ಹುಡುಗಿಯರಿಗೆ ಇಂಗ್ಲಿಷಿನಲ್ಲಿ ಒಪ್ಪಿಸಿದ್ದರು.

ಎಂಟನೆಯವಳು ಬೇರೆ ಥರ. ಪುಸ್ತಕ ತೆರೆಯಲಿಲ್ಲ, ಪೆನ್ನು ಹಿಡಿಯಲಿಲ್ಲ. ಚಾಪೆಯ ಮೇಲೆ ಎದುರಿಗೇ ಕೂತು ಸುಮ್ಮನೆ ಮುಖ ನೋಡಿದಳು. ಮಗಳು ಸತ್ತ ಒಂಬತ್ತು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದು ನಿಂಗಾಜಮ್ಮನ ಬಾಯಿಗೆ ಬಂತು.

"ನಾನು ಕೂಲಿಗೆ ಹೋಗಿರ್ನಿಲ್ಲ ಕಣವ್ವ, ಮನೇಲೇ ಇದ್ದೆ. ಅನ್ನ ಚೆಲ್ಬುಡ್ತು ಅಂತ ಮಗೀಗೆ ಸೌದೇಲಿ ಬಡ್ದೆ. ಹೋಗು, ಕೆರೆಗೆ ಬಿದ್ದು ಸಾಯಿ ಅಂದೆ. ಅಳ್ತಾ ಓಡೋಯ್ತು. ನಾನು ಹಿಂದೆ ಹೋಗ್ನಿಲ್ಲ. ಇದ ಯಾರ್ ಕುಟ್ಟೂ ಹೇಳಿಲ್ಲ."

ಪ್ರಫುಲ್ಲಾ ಮೇಡಂ ಮೊಬೈಲಿನಿಂದ ಕಣ್ಣೆತ್ತದೆ ಇಂಗ್ಲಿಷಿನಲ್ಲಿ ಪಟಪಟನೆ ಹೇಳಿ ಮುಗಿಸಿದರು. ಹುಡುಗಿಯ ಕಣ್ಣು ತುಂಬಿ ಬಂತು. ನಿಂಗಾಜಮ್ಮನ ಎರಡೂ ಕೈ ಹಿಡಿದುಕೊಂಡು ಏನೋ ಅಂದಳು.

ಇಷ್ಟು ಕೇಳಿಯೂ ಕೈ ಬಿಡಲಿಲ್ಲವಲ್ಲ ಈ ಹುಡುಗಿ! ನಿಂಗಾಜಮ್ಮ ಮೇಡಂ ಕಡೆ ತಿರುಗಿ ಕೇಳಿದಳು, "ಏನಂತಾರೆ ಮೇಡಮ್ಮೋರೆ?"

"ನಿಮ್ದೇನೂ ತಪ್ಪಿಲ್ವಂತೆ ನಿಂಗಾಜಮ್ಮ," ಎಂದರು ಮೇಡಂ. "ಅವತ್ತು ನೀವು ಮನೇಲೇ ಇರ್ಲಿಲ್ವಲ್ಲ, ಅಂತಿದಾರೆ."